ಹೆಪ್ಪಿನಂತೆ ಹಂಚಿದ ಜೀವಕೋಶಗಳು



ಪರದೇಶಕ್ಕೆ ಬಂದ ಹೊಸದರಲ್ಲಿ ನಮ್ಮಲ್ಲಿ ಅನೇಕರು ಪರಿಚಯದ ಕನ್ನಡಿಗರ ಮನೆಯಿಂದ ಒಂದು ಚಮಚ ಹೆಪ್ಪು ಕೇಳಿ ತಂದವರೇ. ಹೆಪ್ಪಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಕೊಟ್ಟವರ ಪಾತ್ರೆ ಬರಿದಾಗುವುದೂ ಇಲ್ಲ. ಕಳೆದ ಶತಮಾನದ ನಡುವಿನಲ್ಲಿ ವಿಜ್ಞಾನಿಗಳು ಮಾನವ ಜೀವಕೋಶಗಳನ್ನು ಹಂಚಿಕೊಂಡ ಬಗೆಯೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ 'ಹೀಲಾ' ಎಂಬ ಎರಡಕ್ಷರ ಪಠ್ಯದ ಒಂದು ಸಾಲಿನಲ್ಲಿ ಬಂದುಹೋಗುತ್ತಿತ್ತು. ಅದರ ಹಿಂದೆ ಒಬ್ಬ ತಾಯಿ ಇದ್ದಳೆಂಬುದನ್ನು ನಾವು ಯೋಚಿಸಿರಲಿಲ್ಲ.

1951ರ ಆರಂಭದಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಜನಾಂಗದ ಮಹಿಳೆ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದರು. ಐವರು ಮಕ್ಕಳ ತಾಯಿ. ಗರ್ಭಕೊರಳಿನ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆಯ ವೇಳೆ ತೆಗೆದ ಗೆಡ್ಡೆಯ ಚೂರೊಂದು ಡಾ. ಜಾರ್ಜ್ ಗೈ ಅವರ ಪ್ರಯೋಗಾಲಯ ಸೇರಿತು. ಆಕೆಯನ್ನು ಯಾರೂ ಕೇಳಲಿಲ್ಲ. ಕೇಳುವ ವಾಡಿಕೆಯೇ ಆಗ ಇರಲಿಲ್ಲ. ಅಲ್ಲಿಯವರೆಗೆ ಅಲ್ಲಿ ಬೆಳೆಸಲೆತ್ನಿಸಿದ ಮಾನವ ಜೀವಕೋಶಗಳೆಲ್ಲ ಬೇಗನೆ ಸಾಯುತ್ತಿದ್ದವು. ಇವು ಮಾತ್ರ ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ನಡೆದವು. ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ನಳಿಕೆಯ ಮೇಲೆ 'ಹೀಲಾ' ಎಂದು ಬರೆಯಲಾಯಿತು. ಅಕ್ಟೋಬರ್ 4ರಂದು, 31ನೆಯ ವಯಸ್ಸಿನಲ್ಲಿ, ಹೆನ್ರಿಯೆಟಾ ತೀರಿಕೊಂಡರು.

ಗೈ ಅವುಗಳಿಗೆ ಪೇಟೆಂಟ್ ಪಡೆಯಲಿಲ್ಲ, ಹಣವನ್ನೂ ಕೇಳಲಿಲ್ಲ. ಬೇಡಿದ ಸಂಶೋಧಕರಿಗೆಲ್ಲ ಕಳುಹಿಸಿಕೊಟ್ಟರು. ಮಿನಿಯಾಪೊಲಿಸ್‌ನ ಸಹೋದ್ಯೋಗಿಗಳೊಡನೆ ಸೇರಿ, ಈ ಜೀವಕೋಶಗಳಿಗೆ ಪೋಲಿಯೊ ವೈರಸ್ ಸೋಂಕುತ್ತದೆಂದು 1953ರಲ್ಲಿ ಪ್ರಕಟಿಸಿದರು. ಇದರ ಮಹತ್ವವನ್ನು ತುಸು ವಿವರಿಸಬೇಕು. ಲಸಿಕೆ ಪಡೆದ ಮಗುವಿನ ರಕ್ತಸಾರಕ್ಕೆ ವೈರಸ್ ಬೆರೆಸಿ ಜೀವಕೋಶಗಳ ಮೇಲೆ ಹಾಕಿದರೆ, ರಕ್ಷಕ ಪ್ರತಿಕಾಯಗಳಿದ್ದಲ್ಲಿ ಜೀವಕೋಶಗಳು ಉಳಿಯುತ್ತವೆ, ಇಲ್ಲವಾದರೆ ಸಾಯುತ್ತವೆ. ಅದುವರೆಗೆ ಇಂಥ ಪರೀಕ್ಷೆಗೆ ಮಂಗಗಳ ಜೀವಕೋಶಗಳೇ ಬೇಕಿದ್ದವು. ಅದು ದುಬಾರಿಯ ಕೆಲಸ. ಸಾಲ್ಕ್ ಲಸಿಕೆಯ ಬೃಹತ್ ಪರೀಕ್ಷೆ ಹತ್ತಿರ ಬಂದಿತ್ತು. ಆದ್ದರಿಂದ ಪೋಲಿಯೊ ಪ್ರತಿಷ್ಠಾನದ ಹಣದಿಂದ ಅಲಬಾಮಾದ ಟಸ್ಕೀಗಿ ಸಂಸ್ಥೆಯಲ್ಲಿ ಹೀಲಾ ಉತ್ಪಾದನಾ ಕೇಂದ್ರ ಆರಂಭವಾಯಿತು. ರಸೆಲ್ ಬ್ರೌನ್ ಮತ್ತು ಜೇಮ್ಸ್ ಹೆಂಡರ್ಸನ್ ಎಂಬ ಕಪ್ಪು ಜನಾಂಗದ ವಿಜ್ಞಾನಿಗಳು ಅದನ್ನು ನಡೆಸಿದರು. 1955ರ ಹೊತ್ತಿಗೆ ಅಲ್ಲಿಂದ ಸುಮಾರು 6 ಲಕ್ಷ ಕೃಷಿನಳಿಕೆಗಳು ಹೊರಟಿದ್ದವು. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತಿದ್ದ ಸರಕಾರಿ ಅಧ್ಯಯನವೂ ನಡೆದಿತ್ತು. ವೈದ್ಯರಾದ ನಮಗೆ ಈ ಎರಡನ್ನೂ ಒಟ್ಟಿಗೆ ನೆನೆಯುವುದು ಸುಲಭವಲ್ಲ.

ಮುಂದೆ ವ್ಯಾಪಾರಿ ಸಂಸ್ಥೆಗಳೂ ಹೀಲಾ ಮಾರತೊಡಗಿದವು.

ಹೆಪ್ಪು ಕೈಯಿಂದ ಕೈಗೆ ಹೋಗುವಾಗ ಅದರ ಮೂಲ ಯಾರಿಗೆ ನೆನಪಿರುತ್ತದೆ? 1966ರಲ್ಲಿ ಪೆನ್ಸಿಲ್ವೇನಿಯಾದ ಸಮ್ಮೇಳನವೊಂದರಲ್ಲಿ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್‌ಲರ್ ಸಭಿಕರನ್ನು ಬೆಚ್ಚಿಬೀಳಿಸಿದರು. ಬೇರೆಬೇರೆ ಅಂಗಾಂಶಗಳಿಂದ ಬಂದವೆಂದು ನಂಬಿದ್ದ 18 ಜೀವಕೋಶ ವಂಶಗಳಲ್ಲಿ, ಬಹುಮಟ್ಟಿಗೆ ಆಫ್ರಿಕನ್ ಮೂಲದವರಲ್ಲಿ ಮಾತ್ರ ಕಾಣುವ ಕಿಣ್ವರೂಪವೊಂದು ಅವರಿಗೆ ಸಿಕ್ಕಿತ್ತು. ಒಂದು ಹನಿ ಸಿಡಿದರೂ ಸಾಕು, ಹೀಲಾ ಪಕ್ಕದ ಪಾತ್ರೆಯನ್ನು ಹೊಕ್ಕು ಅಲ್ಲಿದ್ದವನ್ನು ಹಿಂದಿಕ್ಕಿ ಬೆಳೆಯುತ್ತಿತ್ತು. ಶೀತಲ ಸಮರದ ನಡುವೆ, 1970ರ ದಶಕದ ಆರಂಭದಲ್ಲಿ, ಸೋವಿಯತ್ ವಿಜ್ಞಾನಿಗಳು ತಮ್ಮ ರೋಗಿಗಳದೆಂದು ಅಮೆರಿಕಕ್ಕೆ ಜೀವಕೋಶಗಳನ್ನು ಕೊಟ್ಟರು. ಕ್ಯಾಲಿಫೋರ್ನಿಯಾದಲ್ಲಿ ವಾಲ್ಟರ್ ನೆಲ್ಸನ್-ರೀಸ್ ಪರೀಕ್ಷಿಸಿ ನೋಡಿದರೆ ಅಲ್ಲಿಯೂ ಹೀಲಾ! ಬಾಲ್ಟಿಮೋರಿನ ಹೆಪ್ಪು ಮಾಸ್ಕೋ ಸುತ್ತಿ ಮನೆಗೆ ಮರಳಿತ್ತು. ಹೀಗೆ ವ್ಯರ್ಥವಾದ ಸಂಶೋಧನೆಯನ್ನು ನೆನೆದರೆ ನಗು ಬರುವುದಿಲ್ಲ.

ಈ ಗೊಂದಲವನ್ನು ಬಿಡಿಸಲು ಹೆನ್ರಿಯೆಟಾರ ಮಕ್ಕಳ ರಕ್ತ ಬೇಕಾಯಿತು. 1973ರ ಸುಮಾರಿಗೆ ಸಂಶೋಧಕರು ಅವರನ್ನು ಹುಡುಕಿಕೊಂಡು ಹೋದರು. ತಾಯಿ ಸತ್ತು 20 ವರ್ಷಗಳ ಮೇಲಾದರೂ ಆಕೆಯ ಜೀವಕೋಶಗಳು ಬದುಕಿವೆಯೆಂದು ಮನೆಯವರಿಗೆ ತಿಳಿದದ್ದು ಆಗ. ತಮಗೂ ಕ್ಯಾನ್ಸರ್ ಇದೆಯೇ ಎಂದು ನೋಡಲು ಬಂದಿದ್ದಾರೆಂದು ಮಗಳು ಡೆಬೊರಾ ನಂಬಿದ್ದರು. ಅವರಿಗೆ ಅರ್ಥವಾಗುವಂತೆ ಹೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಯಾವ ನಳಿಕೆ ಯಾವ ಊರಿಗೆ ಹೋಯಿತೆಂಬ ಲೆಕ್ಕವಿಟ್ಟವರು ಇದ್ದರು. ಮಕ್ಕಳಿಗೆ ಒಂದು ಕಾಗದ ಬರೆದವರು ಇರಲಿಲ್ಲ. ಗೈ ಅವರ ಔದಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರು ಕೊಟ್ಟ ಹೆಪ್ಪು ಅವರ ಮನೆಯದಾಗಿರಲಿಲ್ಲ.

2013ರಲ್ಲಿ ಹೀಲಾದ ಸಂಪೂರ್ಣ ಜೀನೋಮನ್ನು ಕುಟುಂಬವನ್ನು ಕೇಳದೆಯೇ ಪ್ರಕಟಿಸಲಾಯಿತು. ಆಕ್ಷೇಪಣೆ ಬಂದ ಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಒಪ್ಪಂದಕ್ಕೆ ಬಂದು, ಆ ಮಾಹಿತಿ ಕೋರುವವರ ಅರ್ಜಿ ಪರಿಶೀಲಿಸುವ ಸಮಿತಿಯಲ್ಲಿ ಲ್ಯಾಕ್ಸ್ ಮನೆತನದವರಿಗೂ ಸ್ಥಾನ ಕೊಟ್ಟವು. 2023ರ ಆಗಸ್ಟ್ 1ರಂದು, ಹೆನ್ರಿಯೆಟಾರ ಜನ್ಮದಿನದಂದೇ, ಥರ್ಮೊ ಫಿಷರ್ ಕಂಪನಿಯೊಡನೆ ವಾರಸುದಾರರ ರಾಜಿ ಪ್ರಕಟವಾಯಿತು, ಮೊತ್ತ ಹೊರಬರಲಿಲ್ಲ.

ವರ್ಜೀನಿಯಾದ ಕ್ಲೋವರ್‌ನಲ್ಲಿ ಅವರ ಸಮಾಧಿಗೆ ಸುಮಾರು 60 ವರ್ಷ ಗುರುತಿನ ಕಲ್ಲೂ ಇರಲಿಲ್ಲ. 2010ರಲ್ಲಿ ಪುಸ್ತಕದಾಕಾರದ ಕಲ್ಲೊಂದನ್ನು ಅಲ್ಲಿ ನಿಲ್ಲಿಸಲಾಯಿತು. ಅದನ್ನು ಕೊಟ್ಟವರು ವೈದ್ಯ ರೋಲಂಡ್ ಪ್ಯಾಟಿಲ್ಲೊ, ಹಿಂದೊಮ್ಮೆ ಜಾರ್ಜ್ ಗೈ ಅವರ ಶಿಷ್ಯರಾಗಿದ್ದವರು.