ಐವರು ಫಾರ್ವರ್ಡ್‌ಗಳಿಂದ ಮೂವರು ಬ್ಯಾಕ್‌ಗಳವರೆಗೆ

ಗುಡೂರು, ಇಳಕಲ್, ಹುನಗುಂದದ ಕಡೆ ಕಬಡ್ಡಿ ತಂಡ ಕಟ್ಟುವವರಿಗೆ ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳಿಕೊಡಬೇಕಿಲ್ಲ. ಕಾಲು ಹಿಡಿಯುವುದರಲ್ಲಿ ಗಟ್ಟಿಗನಾದವನು ಕಾರ್ನರ್‌ಗೆ, ಅಡ್ಡಗಟ್ಟಿ ಹೊರಗೆ ನೂಕುವವನು ಕವರ್‌ಗೆ. ಹುಡುಗರನ್ನು ನೋಡಿ ಜಾಗ ಗೊತ್ತುಮಾಡುತ್ತಾರೆ. ಫುಟ್‌ಬಾಲ್‌ನ ಫಾರ್ಮೇಷನ್ನೂ ಮೂಲದಲ್ಲಿ ಇದೇ. ಗೋಲ್‌ಕೀಪರ್‌ನನ್ನು ಬಿಟ್ಟು ಉಳಿದ ಹತ್ತು ಮಂದಿಯನ್ನು ಹಿಂದಿನಿಂದ ಮುಂದಕ್ಕೆ ಎಣಿಸಿದರೆ 4-4-2, 3-5-2 ಎಂಬ ಲೆಕ್ಕ ಸಿಗುತ್ತದೆ. ಆ ಲೆಕ್ಕ ಕಾಲದಿಂದ ಕಾಲಕ್ಕೆ ಬದಲಾಗಿದ್ದು ಹೇಗೆ ಎಂಬುದಕ್ಕೆ ಕನ್ನಡ ನಾಡಿನ ಆಟಗಾರರೂ ಸಾಕ್ಷಿಗಳು.

ಬ್ರಿಟಿಷರ ಜತೆ ನಮ್ಮ ದೇಶಕ್ಕೆ ಬಂದದ್ದು 2-3-5. ಹಿಂದೆ ಇಬ್ಬರು ಬ್ಯಾಕ್‌ಗಳು, ನಡುವೆ ಮೂವರು ಹಾಫ್‌ಗಳು, ಮುಂದೆ ಐವರು ಫಾರ್ವರ್ಡ್‌ಗಳು. ಬೆಂಗಳೂರು ದಂಡು ಪ್ರದೇಶದ ಬರಿಗಾಲಿನ ಹುಡುಗರು ಇದನ್ನು ಚೆನ್ನಾಗಿಯೇ ಕರಗತ ಮಾಡಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇ ಈ ಐವರು ಮುಂದೆ ನಿಂತರೆ ಕೋಲ್ಕತ್ತದ ಜನ ಅವರನ್ನು ಪಂಚಪಾಂಡವರು ಎಂದೇ ಕರೆಯುತ್ತಿದ್ದರು. ಇವರಲ್ಲಿ ಧನರಾಜ್ ಮತ್ತು ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿನದಾಯಿತು.

ಆದರೆ ಯುರೋಪಿನಲ್ಲಿ ಈ ಕ್ರಮ ಆ ಹೊತ್ತಿಗಾಗಲೇ ಹಳತಾಗಿತ್ತು. ಅದಕ್ಕೆ ಕಾರಣ 1925ರಲ್ಲಿ ಆದ ಒಂದು ನಿಯಮದ ಬದಲಾವಣೆ. ಅಲ್ಲಿಯವರೆಗೆ ಫಾರ್ವರ್ಡ್‌ನ ಮುಂದೆ ಎದುರಾಳಿಗಳು ಮೂವರಾದರೂ ಇರಬೇಕಿತ್ತು, ಇಲ್ಲದಿದ್ದರೆ ಆಫ್‌ಸೈಡ್. ಹೀಗಾಗಿ ಒಬ್ಬ ಬ್ಯಾಕ್ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಇಡೀ ದಾಳಿ ನಿಂತುಹೋಗುತ್ತಿತ್ತು. ಮೂವರ ಬದಲು ಇಬ್ಬರು ಸಾಕೆಂದು ನಿಯಮ ಬಂದ ಮೇಲೆ ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ ಒಂದು ಋತುವಿನ ಗೋಲುಗಳು 1,192ರಿಂದ 1,703ಕ್ಕೆ ಏರಿದವು. ಆ ವರ್ಷವೇ ನ್ಯೂಕ್ಯಾಸಲ್ ಎದುರು 7-0 ಗೋಲುಗಳಿಂದ ಸೋತ ಆರ್ಸೆನಲ್ ತಂಡ ಸೆಂಟರ್ ಹಾಫ್‌ನನ್ನು ಇಬ್ಬರು ಬ್ಯಾಕ್‌ಗಳ ನಡುವೆ ಇಳಿಸಿತು. ತರಬೇತುದಾರ ಹರ್ಬರ್ಟ್ ಚಾಪ್‌ಮನ್ ಇದನ್ನೇ ಬೆಳೆಸಿ ಮೂರು ಬ್ಯಾಕ್‌ಗಳ ಡಬ್ಲ್ಯೂ-ಎಂ ವ್ಯೂಹ ಕಟ್ಟಿದರು.

ಭಾರತ ಮಾತ್ರ ಇಬ್ಬರು ಬ್ಯಾಕ್‌ಗಳನ್ನೇ ನೆಚ್ಚಿಕೊಂಡು ಕೂತಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಚಳಿಯಲ್ಲಿ ಬರಿಗಾಲಲ್ಲಿ ಆಡಿ ಯುಗೊಸ್ಲಾವಿಯಕ್ಕೆ 10-1ರಿಂದ ಸೋತಿತು. ಆ ಒಂದೇ ಒಂದು ಗೋಲು ಅಹ್ಮದ್ ಖಾನ್ ಅವರದು. ಸೋಲಿನ ಬಗ್ಗೆ ಮಾತಾಡುವವರೆಲ್ಲ ಬೂಟು ಇಲ್ಲದ್ದನ್ನೇ ಹೇಳುತ್ತಾರೆ. ನನ್ನ ಮಟ್ಟಿಗೆ, ಹಿಂದೆ ಮೂರನೆಯವನು ಇಲ್ಲದ್ದೂ ಅಷ್ಟೇ ದೊಡ್ಡ ಕಾರಣ.

ಪಾಠ ಕಲಿತವರು ಹೈದರಾಬಾದಿನ ತರಬೇತುದಾರ ಸೈಯದ್ ಅಬ್ದುಲ್ ರಹೀಂ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತರಬೇತಿಯಲ್ಲಿ ಭಾರತ ತಂಡ ನಾಲ್ಕನೆಯ ಸ್ಥಾನ ಗಳಿಸಿತು. ಆ ತಂಡದಲ್ಲಿ ಹಾಫ್‌ಬ್ಯಾಕ್ ಆಗಿ ನಮ್ಮ ನಾಡಿನ ಕೆಂಪಯ್ಯ ಇದ್ದರು. 1958ರಲ್ಲಿ ಬ್ರೆಜಿಲ್ 4-2-4ರಿಂದ ವಿಶ್ವಕಪ್ ಗೆದ್ದಿತು; ಭಾರತಕ್ಕೆ ಆ ಕ್ರಮ ತಂದವರೆಂಬ ಹೆಸರು ರಹೀಂ ಅವರಿಗೇ ಇದೆ. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಮಾಡಿದ್ದನ್ನು ನೋಡಿ. ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಆದರೂ ರಹೀಂ ಜರ್ನೈಲ್ ಅವರನ್ನು ಹೊರಗೆ ಕೂರಿಸಲಿಲ್ಲ, ಸೆಂಟರ್ ಫಾರ್ವರ್ಡ್ ಮಾಡಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿದಾಗ ಒಂದು ಗೋಲು ಜರ್ನೈಲ್ ಅವರದೇ.

ಮುಂದಿನ ದಶಕಗಳಲ್ಲಿ ಫಾರ್ವರ್ಡ್‌ಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. 1966ರ ಇಂಗ್ಲೆಂಡ್ ವಿಂಗರ್‌ಗಳಿಲ್ಲದೆ ವಿಶ್ವಕಪ್ ಗೆದ್ದಿತು, 4-4-2 ಎಲ್ಲೆಡೆ ಹರಡಿತು. ಇತ್ತ ಅಂದಿನ ಮೈಸೂರು ರಾಜ್ಯದ ತಂಡ 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ಆ ಟ್ರೋಫಿ ರಾಜ್ಯಕ್ಕೆ ಮರಳಲು 2023ರ ರಿಯಾದ್ ಫೈನಲ್‌ವರೆಗೆ ಕಾಯಬೇಕಾಯಿತು.

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಒಂದೇ ಅಂಕಿಗೆ ಅಂಟಿಕೊಳ್ಳಲಿಲ್ಲ. ತರಬೇತುದಾರ ವೆಸ್ಟ್‌ವುಡ್ ಕಾಲದಲ್ಲಿ ಎರಡು ಐ-ಲೀಗ್, ಕ್ವಾಡ್ರಾಟ್ ಕಾಲದಲ್ಲಿ 2018-19ರ ಐಎಸ್‌ಎಲ್ ಪ್ರಶಸ್ತಿಗಳು ಬಂದವು. 2022-23ರಲ್ಲಿ ತರಬೇತುದಾರ ಗ್ರೇಸನ್ ಮೂವರು ಬ್ಯಾಕ್‌ಗಳ ಜತೆ ಎರಡೂ ಬದಿಗೆ ವಿಂಗ್‌ಬ್ಯಾಕ್‌ಗಳನ್ನು ಓಡಿಸಿದರು. ತಂಡ ಡ್ಯುರಾಂಡ್ ಕಪ್ ಗೆದ್ದು ಐಎಸ್‌ಎಲ್ ಫೈನಲ್‌ಗೂ ಹೋಯಿತು. ದಣಿವರಿಯದೆ ಓಡುವ ವಿಂಗ್‌ಬ್ಯಾಕ್‌ಗಳು ಇಲ್ಲದ ತಂಡಕ್ಕೆ ಇದೇ ವ್ಯೂಹ ಮುಳುವಾಗುತ್ತಿತ್ತು.

ನಮ್ಮ ಭಾಗದ ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಟಿ.ವಿ.ಯಲ್ಲಿ ಕಂಡ ಅಂಕಿಯನ್ನು ಎತ್ತಿಕೊಂಡು ಬರಬೇಡಿ. ಮೊದಲು ಒಂದು ವಾರ ಹುಡುಗರನ್ನು ಆಡಲು ಬಿಟ್ಟು, ಯಾರು ಓಡುತ್ತಾರೆ, ಯಾರು ತಡೆಯುತ್ತಾರೆ, ಯಾರು ತಲೆ ಎತ್ತಿ ಪಾಸ್ ಕೊಡುತ್ತಾರೆ ನೋಡಿ. ಗಟ್ಟಿ ನೆಲದಲ್ಲಿ ಚೆಂಡು ಹೆಚ್ಚು ಪುಟಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 4-4-2ರಿಂದ ಶುರುಮಾಡಿ, ಹುಡುಗರಿಗೆ ಒಗ್ಗದಿದ್ದರೆ ಎರಡನೆಯ ಪಂದ್ಯದಲ್ಲೇ ಬದಲಿಸಿ.