ಹೂಳು ಹೇರುವ ಮುಂಚೆ

ಹೊಲ ಬಡವಾದರ ಕೆರೆ ಹೂಳು ಹೇರೋದು ನಮ್ಮ ಕಡೆ ಹಿರೇರ ಕಾಲದ ರೂಢಿ. 2015ರಲ್ಲಿ ತೆಲಂಗಾಣ ಸರ್ಕಾರ ಮಿಷನ್ ಕಾಕತೀಯ ತಂದು ಕೆರೆಗಳ ಹೂಳು ತೆಗೆಸಿದಾಗ ಬಂಡಿ ಹೋಗಿ ಟ್ರ್ಯಾಕ್ಟರ್ ಬಂತು, ಕೆಲಸ ಅದೇ. ಆದರ ಕೆರೆಗೆ ಬರೋ ನೀರು ಎಂಥಾದ್ದೋ ಹೂಳೂ ಅಂಥಾದ್ದೇ. ಪಟಾನ್‌ಚೆರುವಿನ ಇತಿಹಾಸ ಇದನ್ನೇ ಹೇಳತದ.

ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗೋ ದಾರಿಯಲ್ಲಿ ಪಟಾನ್‌ಚೆರು ಅದ. 1970ರ ದಶಕದಲ್ಲಿ ಅಲ್ಲಿ ಔಷಧ, ಬಣ್ಣ, ಲೋಹದ ಕಾರ್ಖಾನೆಗಳು ಶುರುವಾದವು. ಅವುಗಳ ಕೊಳಕು ನೀರು ನಕ್ಕವಾಗು ಹಳ್ಳಕ್ಕೆ ಇಳೀತು. ಈ ಹಳ್ಳ ನಮ್ಮ ಬೀದರ ಕಡೆಯಿಂದ ಬರೋ ಮಾಂಜ್ರಾ ನದಿಗೆ ಕೂಡತದ. ದಂಡೆಯ ಹೊಲ, ಬಾವಿ ಕೆಟ್ಟವು. 1990ರಲ್ಲಿ ಸುಪ್ರೀಂ ಕೋರ್ಟಿಗೆ ದಾವೆ ಹೋಯ್ತು, ರೈತರಿಗೆ ಪರಿಹಾರ ಕೊಡಬೇಕೆಂದು ಕೋರ್ಟು ಹೇಳಿತು. ಹೈದರಾಬಾದಿನ ವಿಜ್ಞಾನಿಗಳು ಅಲ್ಲಿನ ಮಣ್ಣಿನಲ್ಲಿ ಕ್ರೋಮಿಯಂ, ಆರ್ಸೆನಿಕ್ ಹೆಚ್ಚಿದ್ದನ್ನು ಕಂಡರು.

ಪರಿಹಾರದ ರೊಕ್ಕ ಮುಗೀತದ, ಲೋಹ ಮುಗಿಯೂದಿಲ್ಲ. ಅದು ಸಗಣಿಯಂಗ ಕೊಳೆಯೂದಿಲ್ಲ, ಕಸದಂಗ ಸುಟ್ಟು ಹೋಗೂದಿಲ್ಲ. ಹಂಗಾಗಿ ಮಣ್ಣನ್ನೇ ಹಿಡೀಬೇಕು. ಒಂದು ದಾರಿ, ಕೆಟ್ಟ ಮೇಲ್ಮಣ್ಣು ಕೆತ್ತಿ ತೆಗೆದು ಒಳ್ಳೇ ಮಣ್ಣು ಹಾಕೋದು. ಎರಡನೇದು, ನೀರಿನಲ್ಲಿ ತೊಳೆದು ಜರಡಿ ಹಿಡಿಯೋದು. ಲೋಹ ಹೆಚ್ಚಾಗಿ ನುಣ್ಣನ್ನ ಜೇಡಿಗೆ ಅಂಟಿರತದ, ದಪ್ಪ ಉಸುಕು ಬೇರೆಯಾಗತದ. ನಮ್ಮ ಕರಿ ಎರೆ ಅಂತೂ ಬಹಳಷ್ಟು ಜೇಡಿಯೇ, ಅಲ್ಲಿ ತೊಳೆಯೋದು ಕಷ್ಟ. ಮೂರನೇದು, ವಿಪರೀತ ಕಾವು ಕೊಟ್ಟು ಮಣ್ಣನ್ನ ಗಾಜಿನಂಗ ಮಾಡಿ ಲೋಹವನ್ನ ಅದರೊಳಗೇ ಕಟ್ಟಿಹಾಕೋದು. ಆಮೇಲೆ ಆ ಮಣ್ಣಿನಲ್ಲಿ ಜೋಳ ಬೆಳೆಯೂದಿಲ್ಲ.

ಮೊದಲನೇ ದಾರಿಗೆ ಎಷ್ಟು ಕಾಲ ಹಿಡೀತದ ಅನ್ನೋದಕ್ಕೆ ಜಪಾನ್ ಸಾಕ್ಷಿ. ಅಲ್ಲಿ ಜಿಂಜು ನದಿಗೆ ಗಣಿಯಿಂದ ಕ್ಯಾಡ್ಮಿಯಂ ಬಂತು. ಆ ನೀರಿನ ಅನ್ನ ಉಂಡವರ, ಅದರಲ್ಲೂ ಹೆಣ್ಮಕ್ಕಳ, ಎಲುಬು ಮುರಿದು ಬಿದ್ದವು. ‘ಇತಾಯಿ ಇತಾಯಿ’, ಅಂದರ ನೋವು ನೋವು ಅಂತ ನರಳಿದ್ದೇ ಬ್ಯಾನಿಯ ಹೆಸರಾಯ್ತು. 1968ರಲ್ಲಿ ಸರ್ಕಾರ ಕಾರಣ ಒಪ್ಪಿಕೊಂಡಿತು. 1979ರಲ್ಲಿ ಶುರುವಾದ ಮಣ್ಣು ಬದಲಿಸೋ ಕೆಲಸ ಮುಗಿದದ್ದು 2012ಕ್ಕೆ. 2,100 ಎಕರೆಗೆ 33 ವರ್ಷ! ಗದ್ದೆ ಕೆಟ್ಟಾಗ ಹುಟ್ಟಿದ ಮಗ ಮುದುಕನಾದ ಮ್ಯಾಲೆ ನೆಲ ಶುದ್ಧ ಆಯ್ತು.

ಅದಕ್ಕೇ ಹೂಳು ಹೇರೋ ಮುಂಚೆ ಹಳ್ಳ ಹಿಡಿದು ಮೇಲಕ್ಕೆ ನಡೆದು ನೋಡ್ರಿ, ಕೆರೆಗೆ ಯಾವ ಯಾವ ನೀರು ಕೂಡತದಂತ. ಕಾರ್ಖಾನೆ ನೀರು ಕೂಡತಿದ್ದರ ಆ ಹೂಳು ಮುಟ್ಟಬ್ಯಾಡ್ರಿ. ಮಣ್ಣು ಪರೀಕ್ಷೆಗೆ ಕೊಟ್ಟಾಗ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ನೋಡ್ರಿ ಅಂತ ಬೇರೆಯಾಗಿ ಕೇಳ್ರಿ, ಮಾಮೂಲಿ ಗೊಬ್ಬರದ ಪರೀಕ್ಷೆಯಲ್ಲಿ ಅವು ಬರೂದಿಲ್ಲ. ಮಾಸ್ತರರು ಮಕ್ಕಳಿಂದ ಊರ ಕೆರೆಯ ನೀರಿನ ದಾರಿಯ ನಕ್ಷೆ ಬರೆಸಿದರ ಇನ್ನೂ ಚಲೋ. ಒಂದು ದಿನ ಹೇರಿದ ಮಣ್ಣನ್ನ ತೆಗೆಯಲಿಕ್ಕೆ ಒಂದು ಜನ್ಮ ಬೇಕಾದೀತು.