ಏಜೆಂಟ್ ಯಾರ ಕಡೆ?

ನಮ್ಮ ತಾತ ಎತ್ತು ಕೊಳ್ಳೋಕೆ ದನದ ಜಾತ್ರೆಗೆ ಒಬ್ಬರೇ ಹೋಗುತ್ತಿರಲಿಲ್ಲ. ಗೊತ್ತಿದ್ದ ದಲ್ಲಾಳಿಯೊಬ್ಬ ಜೊತೆಗೆ ಇರಲೇಬೇಕು. ಹಲ್ಲು ನೋಡೋದು, ಸುಳಿ ನೋಡೋದು, ಟವಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸೋದು ಎಲ್ಲ ಅವನ ಕೆಲಸ. ವ್ಯಾಪಾರ ಮುಗಿದ ಮೇಲೆ ತಾತ ಅವನಿಗೆ ದುಡ್ಡು ಕೊಡುತ್ತಿದ್ದರು. ಎತ್ತು ಮಾರಿದವನೂ ಕೊಡುತ್ತಿದ್ದ. 'ಹಂಗಾದ್ರೆ ಅವನು ಯಾರ ಕಡೆ ತಾತ?' ಅಂತ ಒಂದ್ಸಲ ಕೇಳಿದ್ದೆ. 'ಸುಮ್ನೆ ನಡಿಯೋ' ಅಂದಿದ್ದರು.

ಈ ಪ್ರಶ್ನೆ ಮತ್ತೆ ನೆನಪಾಗಿದ್ದು ಆಫೀಸಿನಲ್ಲಿ. ನಮ್ಮ ಟೀಮಿಗೆ ಹೊಸ ಕೆಲಸ ಬಂದಿತ್ತು: ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಸಾಮಾನು ಹುಡುಕಿಕೊಡುವ ಟೂಲ್. ಅದನ್ನು ಬಳಸೋದು ಮನುಷ್ಯರಲ್ಲ, ಎಐ ಏಜೆಂಟುಗಳು. 'ಎರಡು ಸಾವಿರದೊಳಗೆ ಐದು ಲೀಟರ್ ಕುಕ್ಕರ್ ಬೇಕು, ಇಂಡಕ್ಷನ್ ಮೇಲೆ ಇಡೋ ಹಾಗಿರಲಿ' ಅಂತ ನೀವು ಹೇಳಿದರೆ, ಏಜೆಂಟ್ ಅದನ್ನು ವಸ್ತು, ಬೆಲೆಯ ಮಿತಿ, ಪಿನ್‌ಕೋಡ್ ಅಂತ ಒಡೆದು ಟೂಲಿಗೆ ಕೊಡುತ್ತೆ. ಟೂಲ್ ಒಂದು ಪಟ್ಟಿ ವಾಪಸ್ ಕೊಡುತ್ತೆ. ಫೋಟೋ, ಬ್ಯಾನರ್ ಯಾವುದೂ ಬೇಕಿಲ್ಲ. ಇದು ಹೊಚ್ಚ ಹೊಸ ಲೋಕ ಅಂತ ಮೀಟಿಂಗಿನಲ್ಲಿ ಎಲ್ಲರೂ ಹೇಳಿದರು. ನಾನು ಹಳೇ ಪೇಪರುಗಳನ್ನು ಓದುತ್ತಾ ಕೂತೆ. ಹೊಸದೇನಲ್ಲ, 30 ವರ್ಷದ ಕಥೆ.

1995ರಲ್ಲಿ ಅಮೆರಿಕದ ಆಂಡರ್ಸನ್ ಕನ್ಸಲ್ಟಿಂಗ್ ಕಂಪನಿ 'ಬಾರ್ಗೇನ್‌ಫೈಂಡರ್' ಅನ್ನೋ ಪ್ರೋಗ್ರಾಂ ಬಿಟ್ಟಿತು. ಹಾಡುಗಾರರ ಹೆಸರು, ಆಲ್ಬಂ ಹೆಸರು ಕೊಟ್ಟರೆ ಸಾಕು, ಅದು ಹಲವು ಸಿಡಿ ಅಂಗಡಿಗಳ ವೆಬ್‌ಸೈಟಿಗೆ ಹೋಗಿ ಬೆಲೆ ತಂದು ಒಂದೇ ಕಡೆ ತೋರಿಸುತ್ತಿತ್ತು. ಗಿರಾಕಿಗಳಿಗೆ ಹಬ್ಬ. ಅಂಗಡಿಯವರಿಗೆ? ಮೂರರಲ್ಲಿ ಒಂದು ಭಾಗದಷ್ಟು ಅಂಗಡಿಗಳು ಅದಕ್ಕೆ ಬಾಗಿಲು ಹಾಕಿದವು. ಅವರ ಸಿಟ್ಟೂ ಅರ್ಥವಾಗುವಂಥದ್ದೇ. ಅಂಗಡಿ ಸಿಂಗರಿಸಿ, ವಿಮರ್ಶೆ ಬರೆಸಿ ಕೂತವನ ಹತ್ತಿರ ಬಂದು 'ರೇಟೆಷ್ಟು' ಅಂತ ಮಾತ್ರ ಕೇಳಿ ಹೋಗುವ ಗಿರಾಕಿ ಯಾರಿಗೆ ಬೇಕು?

ನನಗೆ ತುಂಬಾ ಇಷ್ಟವಾದದ್ದು ಇದರ ನಂತರದ್ದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೋರೆನ್‌ಬೋಸ್, ಎಟ್ಜಿಯೋನಿ, ವೆಲ್ಡ್ ಎಂಬ ಮೂವರು 'ಶಾಪ್‌ಬಾಟ್' ಮಾಡಿದರು. ಪ್ರತಿ ಅಂಗಡಿಗೂ ಕೈಯಲ್ಲಿ ಕೋಡ್ ಬರೆಯೋ ಬದಲು ಅದು ತಾನೇ ಕಲಿಯುತ್ತಿತ್ತು. ಮೊದಲು ಅರ್ಥವಿಲ್ಲದ ಪದ ಕೊಟ್ಟು ಹುಡುಕಿ, 'ಸಿಗಲಿಲ್ಲ' ಅನ್ನೋ ಪುಟ ಹೇಗಿರುತ್ತೆ ಅಂತ ನೋಡಿಕೊಳ್ಳೋದು. ಆಮೇಲೆ ಎಲ್ಲರೂ ಮಾರುವ ವಸ್ತುವಿನ ಹೆಸರು ಕೊಟ್ಟು, ಎರಡೂ ಪುಟಗಳ ವ್ಯತ್ಯಾಸದಿಂದ ಬೆಲೆ ಎಲ್ಲಿರುತ್ತೆ ಅಂತ ಕಂಡುಹಿಡಿಯೋದು. ಎಲ್ಎಲ್ಎಂ ಇಲ್ಲದ ಕಾಲದಲ್ಲಿ ಮಾಡಿದ್ದು ಸ್ವಾಮಿ ಇದು! ಈ ಕೆಲಸದಿಂದಲೇ ನೆಟ್‌ಬಾಟ್ ಕಂಪನಿಯ 'ಜಾಂಗೋ' ಹುಟ್ಟಿತು. ಜಾಂಗೋದ ಜಾಣತನ ಇನ್ನೊಂದು. ಬಾರ್ಗೇನ್‌ಫೈಂಡರ್ ಒಂದೇ ಸರ್ವರಿನಿಂದ ಹೋಗುತ್ತಿದ್ದರಿಂದ ಸುಲಭವಾಗಿ ಸಿಕ್ಕಿಬೀಳುತ್ತಿತ್ತು. ಜಾಂಗೋದ ವಿನಂತಿ ಹೊರಡುತ್ತಿದ್ದದ್ದು ಗಿರಾಕಿಯ ಸ್ವಂತ ಕಂಪ್ಯೂಟರಿನಿಂದ. ಅಂಗಡಿಯವನಿಗೆ ಮನುಷ್ಯನೋ ಬಾಟೋ ಗೊತ್ತಾಗೋದು ಕಷ್ಟ.

ತಡೆಯೋಕಾಗದಿದ್ದರೆ ಕೊಂಡುಬಿಡಬಹುದು. 1997ರಲ್ಲಿ ನೆಟ್‌ಬಾಟನ್ನು ಎಕ್ಸೈಟ್ ಕೊಂಡಿತು. ವೆಂಕಿ ಹರಿನಾರಾಯಣ್, ಆನಂದ್ ರಾಜಾರಾಮನ್ ಮುಂತಾದ ಭಾರತೀಯರು ಕಟ್ಟಿದ್ದ ಜಂಗ್ಲೀ ಕಂಪನಿಯೂ ಬೆಲೆ ಹೋಲಿಸುವ ಕೆಲಸವನ್ನೇ ಮಾಡುತ್ತಿತ್ತು. 1998ರಲ್ಲಿ ಅದನ್ನು ಕೊಂಡಿದ್ದು ಅಮೆಜಾನ್. ಅಂಗಡಿ ಅಂಗಡಿ ಅಲೆದು ರೇಟು ತರುತ್ತಿದ್ದವನು ಕೊನೆಗೆ ಒಂದೇ ಅಂಗಡಿಯ ಸಂಬಳಕ್ಕೆ ಸೇರಿದ.

ಕೊಳ್ಳದಿದ್ದರೆ ಕೋರ್ಟು. ಹರಾಜು ತಾಣಗಳನ್ನೆಲ್ಲ ಒಟ್ಟಿಗೆ ಹುಡುಕುತ್ತಿದ್ದ ಬಿಡ್ಡರ್ಸ್ ಎಡ್ಜ್ ಮೇಲೆ ಇಬೇ 1999ರ ಕೊನೆಗೆ ಕೇಸು ಹಾಕಿತು. ದಿನಕ್ಕೆ 80 ಸಾವಿರದಿಂದ ಒಂದು ಲಕ್ಷ ವಿನಂತಿ ಬರುತ್ತಿವೆ ಅನ್ನೋದು ದೂರು. 2000ದ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶ ರೊನಾಲ್ಡ್ ವೈಟ್ ತಡೆಯಾಜ್ಞೆ ಕೊಟ್ಟರು. ಪರರ ಚರಾಸ್ತಿಯ ಮೇಲಿನ ಅತಿಕ್ರಮಣದ ಹಳೇ ಕಾನೂನು ಸರ್ವರಿಗೂ ಅನ್ವಯಿಸಿತು. ಹೊಲಕ್ಕೆ ದನ ನುಗ್ಗಿಸಿದರೆ ಊರಲ್ಲಿ ನಡೆಯೋ ಪಂಚಾಯ್ತಿ ನೆನಪಾಯಿತು ನನಗೆ. ಮುಂದಿನ ವರ್ಷ ಬಿಡ್ಡರ್ಸ್ ಎಡ್ಜ್ ಮುಚ್ಚಿತು.

ನಮ್ಮ ಬೆಂಗಳೂರಿಗೂ ಈ ಕಥೆಯ ಒಂದು ಎಳೆ ತಗಲುತ್ತೆ. ಫ್ಲಿಪ್‌ಕಾರ್ಟ್ ಶುರುಮಾಡಿದ ಇಬ್ಬರು ಬನ್ಸಾಲ್‌ಗಳ ತಲೆಯಲ್ಲಿ ಮೊದಲು ಇದ್ದದ್ದು ಬೆಲೆ ಹೋಲಿಸುವ ಸೈಟು. ಹೋಲಿಸೋಕೆ ಇಲ್ಲಿ ಅಂಗಡಿಗಳೇ ಸಾಕಷ್ಟಿರಲಿಲ್ಲ. ಹಾಗಾಗಿ 2007ರಲ್ಲಿ ತಾವೇ ಪುಸ್ತಕದಂಗಡಿ ತೆರೆದರು.

ಈಗಿನದ್ದು ನಿಮಗೂ ಗೊತ್ತು. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಬಿಟ್ಟ ಮೇಲೆ ಏಜೆಂಟಿಗೆ ಟೂಲ್ ಜೋಡಿಸೋದು ಸಲೀಸಾಯಿತು. 2025ರ ಸೆಪ್ಟೆಂಬರಿನಲ್ಲಿ ಚಾಟ್‌ಜಿಪಿಟಿ ಒಳಗಿಂದಲೇ ಎಟ್ಸಿಯ ಸಾಮಾನು ಕೊಳ್ಳುವ ವ್ಯವಸ್ಥೆ ಅಮೆರಿಕದಲ್ಲಿ ಶುರುವಾಯಿತು. ನವೆಂಬರಿನಲ್ಲಿ ಅಮೆಜಾನ್ ಕಂಪನಿ ಪರ್‌ಪ್ಲೆಕ್ಸಿಟಿ ಮೇಲೆ ಕೇಸು ಹಾಕಿತು: ಅದರ ಕಾಮೆಟ್ ಬ್ರೌಸರಿನ ಏಜೆಂಟ್ ತಾನು ಏಜೆಂಟ್ ಅಂತ ಹೇಳಿಕೊಳ್ಳದೆ ಮಾಮೂಲಿ ಕ್ರೋಮ್ ವೇಷದಲ್ಲಿ ಬರುತ್ತಿದೆ ಅಂತ. ಏಜೆಂಟ್ ಬಳಕೆದಾರನ ಪರವಾಗಿ ಬಂದದ್ದು, ಅವನಿಗಿರುವ ಹಕ್ಕು ಅದಕ್ಕೂ ಇದೆ ಅಂತ ಪರ್‌ಪ್ಲೆಕ್ಸಿಟಿ ವಾದ. ಜಾಂಗೋದ ಹಳೇ ಉಪಾಯ, ಬಿಡ್ಡರ್ಸ್ ಎಡ್ಜ್ ನಿಂತಿದ್ದ ಅದೇ ಉತ್ತರ ಕ್ಯಾಲಿಫೋರ್ನಿಯಾ ಜಿಲ್ಲೆಯ ಕೋರ್ಟು.

ಹೀಗಾಗಿ ಅಂಗಡಿಗಳೇ ಏಜೆಂಟುಗಳಿಗೆ ಬೇರೆ ಬಾಗಿಲು ಇಡುತ್ತಿವೆ. ನಾವು ಕಟ್ಟುತ್ತಿದ್ದದ್ದೂ ಅಂಥ ಬಾಗಿಲೇ. ಸ್ಕ್ರೀನಿನಲ್ಲಾದರೆ ದುಡ್ಡು ಕೊಟ್ಟು ಮೇಲೆ ಬಂದ ವಸ್ತುವಿನ ಪಕ್ಕ ಸಣ್ಣಕ್ಷರದಲ್ಲಿ 'ಸ್ಪಾನ್ಸರ್ಡ್' ಅಂತ ಇರುತ್ತೆ. ಏಜೆಂಟಿಗೆ ಆ ಸ್ಕ್ರೀನೇ ಇಲ್ಲ, ನಾವು ಕಳಿಸಿದ ಪಟ್ಟಿಯಷ್ಟೇ ಅದಕ್ಕೆ ಕಾಣೋದು. ಅದಕ್ಕೇ ಪ್ರತಿ ವಸ್ತುವಿನ ಜೊತೆ ಆ ವಿಷಯ ತಿಳಿಸುವ ಒಂದು ಫೀಲ್ಡ್ ಇರಲಿ ಅಂತ ಡಿಸೈನ್ ಡಾಕ್ಯುಮೆಂಟಿನಲ್ಲಿ ಬರೆದಿದ್ದೆ. 'ಮೊದಲ ವರ್ಷನ್‌ಗೆ ಬೇಡ' ಅಂತ ರಿವ್ಯೂನಲ್ಲಿ ಬಂತು. ಎರಡು ವಾರ ವಾದ ಮಾಡಿದೆ. ಫೀಲ್ಡ್ ಉಳಿಯಿತು. ಆದರೆ ಅದನ್ನು ತುಂಬಲೇಬೇಕು ಅಂತೇನಿಲ್ಲ. ತುಂಬದಿದ್ದರೆ ಖಾಲಿ ಹೋಗುತ್ತೆ.